ಮೊದಲು ಒಂದು ತಟ್ಟೆಗೆ

ನನಗೆ ಸೊಕ್ಕು ಜಾಸ್ತಿ ಎಂದು ನಮ್ಮ ಬೀದಿಯಲ್ಲಿ ಮಾತಿದೆ. ನಿಜವೇ ಇರಬೇಕು, ನಾನೇನೂ ಅಲ್ಲಗಳೆಯುವುದಿಲ್ಲ. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ್ದೇನೆ. ಸೆಕೆಗೆ ಹುಳ ಕೆಟ್ಟಿವೆ, ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ ಬಂದು ಬೆಳ್ಳಗೆ ಸೆಟೆದುಕೊಂಡಿವೆ. ಆದರೆ ವಿಷದ ಸೊಪ್ಪು ತಿಂದು ನನ್ನ ಮನೆಯಲ್ಲಿ ಒಂದು ಬೆಳೆಯೂ ಹೋಗಿಲ್ಲ. ಹೊಂಗನೂರಿನಲ್ಲಿ ಹೀಗೆ ಹೇಳುವವರು ಇನ್ನೊಬ್ಬರಿದ್ದರೆ ಬರಲಿ, ಕೂರಿಸಿ ಕಾಫಿ ಕೊಡುತ್ತೇನೆ.

ಇದರ ಗುಟ್ಟು ಸಣ್ಣದು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿಯಲ್ಲಿ ಅದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೂ ಬಂದು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅನುಮಾನದ ಸೊಪ್ಪು ಬಂದರೆ ಮೊದಲು ಇಪ್ಪತ್ತು ಹುಳವನ್ನು ಬೇರೆ ತಟ್ಟೆಗೆ ಎತ್ತಿಟ್ಟು, ಆ ಸೊಪ್ಪನ್ನು, ಅದೊಂದನ್ನೇ, ಒಂದಿಷ್ಟು ಹಾಕಿ ಮಾರನೆಯ ದಿನದವರೆಗೆ ಕಾಯುತ್ತೇನೆ. ಹುಳ ತಲೆಯೆತ್ತಿ ಒದ್ದಾಡಿದರೆ ಸೊಪ್ಪು ತಿಪ್ಪೆಗೆ. ಎರಡು ತೋಟದ ಸೊಪ್ಪನ್ನು ಒಂದೇ ತಟ್ಟೆಗೆ ಬೆರೆಸಿದಿರೋ ಮುಗಿಯಿತು. ಕೆಟ್ಟಿದ್ದು ಯಾವ ತೋಟದ್ದು ಎಂದು ಬ್ರಹ್ಮ ಬಂದರೂ ಹೇಳಲಾರ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಅಲ್ಲಾಡದೆ ಮಲಗಿದಾಗ, ಎಷ್ಟೇ ಒಳ್ಳೆಯ ಸೊಪ್ಪಾದರೂ ಹಾಕುವುದಿಲ್ಲ. ಹೊಸದನ್ನು ಕೊಡುವುದಕ್ಕೆ ಹೊತ್ತುಗೊತ್ತು ಇದೆ.

ಈ ಪಾಠವನ್ನು ನನ್ನ ವಾರಗಿತ್ತಿ ಪುಟ್ಟತಾಯಿಗೆ ಕಲಿಸಿದವಳು ನಾನೇ. ಪಕ್ಕದ ಮನೆಯಲ್ಲೇ ಇರುತ್ತಾಳೆ, ಅವಳೂ ಹುಳ ಸಾಕುತ್ತಾಳೆ, ಚೆನ್ನಾಗಿಯೇ ಸಾಕುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯ ಮಾತ್ರೆ ದಿನವೂ ನುಂಗುತ್ತಾಳೆ.

ಹೋದ ವರ್ಷ ಬೈರಾಪಟ್ಟಣದಿಂದ ಅವಳ ನೆಂಟರ ಹೆಂಗಸೊಬ್ಬಳು ಒಂದು ಚೀಲ ಹಿಡಿದು ಬಂದಳು. ಒಳಗೆ ಬರೀ ಡಬ್ಬಿಗಳು. ಹಾಗಲಕಾಯಿಯ ಮಾತ್ರೆ, ಮೆಂತ್ಯದ ಮಾತ್ರೆ, ನೇರಳೆ ಬೀಜದ ಪುಡಿ, ನನ್ನ ಮಂಡಿ ನೋವಿಗೆಂದು ಯಾವುದೋ ಮರದ ಅಂಟಿನ ಮಾತ್ರೆ, ಇನ್ನೊಂದು ಅರಿಶಿನದ್ದು. ಎಲ್ಲ ಸೊಪ್ಪು, ಬೇರು, ಬೀಜ, ಏನೂ ಆಗುವುದಿಲ್ಲ ಎಂದಳು. ವಿಷದ ಉಮ್ಮತ್ತಿ ಕಾಯಿಯೂ ಗಿಡದಲ್ಲೇ ಬಿಡುತ್ತದೆ, ತಿಂದು ತೋರಿಸು ಎಂದೆ. ಅವಳಿಗೆ ಕೋಪ ಬಂತು. ಕಾಫಿ ಕುಡಿಯದೆ ಎದ್ದಳು, ಡಬ್ಬಿಗಳನ್ನು ಮಾತ್ರ ಬಿಟ್ಟುಹೋದಳು.

ಡಾಕ್ಟರಿಗೆ ತೋರಿಸದೆ ನಾನಂತೂ ಮುಚ್ಚಳ ತೆಗೆಯುವುದಿಲ್ಲ ಎಂದೆ. ಬಿಪಿ ಮಾತ್ರೆ ನುಂಗುವವಳು ನಾನು. ಒಳಗೆ ಹೋದಮೇಲೆ ಅದಕ್ಕೂ ಇದಕ್ಕೂ ಜಗಳ ಹತ್ತಿದರೆ ಬಿಡಿಸುವವರು ಯಾರು? ನನ್ನ ಓದು ಮೂರನೇ ಕ್ಲಾಸು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಡಬ್ಬಿಯ ಮೇಲೆ ಇರುವೆ ಸಾಲಿನಂತೆ ಬರೆದಿರುವ ಇಂಗ್ಲಿಷು ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಮೂರನೇ ಕ್ಲಾಸು ಸಾಕು. ಪುಟ್ಟತಾಯಿ ನಕ್ಕಳು. “ನಿಂಗೆ ವಯಸ್ಸಾಯ್ತು ಕಣಕ್ಕಯ್ಯ, ಎಲ್ಲಕ್ಕೂ ಎದ್ರುಕೋತೀಯ” ಎಂದು ಅವತ್ತೇ ಸಕ್ಕರೆಗೆಂದು ತಂದ ಮೂರನ್ನೂ ಶುರುಮಾಡಿದಳು. ಬೇಗ ಗುಣವಾಗಲಿ ಎಂದು ಎರಡೆರಡು ಹೊತ್ತು.

ಐದನೆಯ ದಿನ ಮಧ್ಯಾಹ್ನ ತೋಟದಲ್ಲಿ ಇಬ್ಬರೂ ಸೊಪ್ಪು ಕೊಯ್ಯುತ್ತಿದ್ದೆವು. ಅವಳ ಮಾತು ತೊದಲಿತು. ತಿರುಗಿ ನೋಡಿದರೆ ರವಿಕೆ ಬೆವರಿನಲ್ಲಿ ತೊಯ್ದಿದೆ, ಕೈ ನಡುಗುತ್ತಿದೆ, ನನ್ನನ್ನೇ ಯಾರು ಎನ್ನುವ ಹಾಗೆ ನೋಡುತ್ತಿದ್ದಾಳೆ. ಸಕ್ಕರೆ ಇಳಿದರೆ ಹೀಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹಿಂದೆ ಹೇಳಿದ್ದರು. ನೆರಳಿಗೆ ಕೂರಿಸಿದೆ. ಬುತ್ತಿಯ ಜೊತೆ ಬೆಲ್ಲ ತಂದಿದ್ದೆ, ನೀರಿಗೆ ಕದಡಿ ಕೊಟ್ಟೆ. ನುಂಗಿದಳು. ಅವಳು ನನ್ನ ಹೆಸರು ಹಿಡಿದು ಕರೆಯುವ ತನಕ ನನ್ನ ಸೊಕ್ಕು ಎಲ್ಲಿತ್ತೋ ನನಗೇ ಗೊತ್ತಿಲ್ಲ. ಎಂದೂ ಹೆಸರು ಹಿಡಿಯದವಳು ಅವತ್ತು ಹಿಡಿದಳು. ಆಮೇಲೆ ಆಟೋ ಹಿಡಿದು ಚನ್ನಪಟ್ಟಣದ ಆಸ್ಪತ್ರೆಗೆ ಹೊರಟೆವು. ಹೊರಡುವ ಮುಂಚೆ ಅವಳ ಮನೆಗೆ ನುಗ್ಗಿ ಆ ಮೂರು ಡಬ್ಬಿಯನ್ನೂ, ನನ್ನ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ.

ಸಕ್ಕರೆ ಮಾತ್ರೆ ಬಿಟ್ಟು ಬೇರೆ ಏನು ತೆಗೆದುಕೊಂಡಿರಿ ಎಂದು ಡಾಕ್ಟರಮ್ಮ ಕೇಳಿದರೆ ಈ ಮಾರಾಯಿತಿ ಏನೂ ಇಲ್ಲ ಎಂದಳು. ಸುಳ್ಳಲ್ಲ, ಸೊಪ್ಪುಸದೆ ಅವಳ ಲೆಕ್ಕದಲ್ಲಿ ಔಷಧಿಯೇ ಅಲ್ಲ. ನಾನು ಚೀಲ ತೆಗೆದು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಒಂದೊಂದನ್ನೂ ಓದಿದರು. ಹಾಗಲ, ಮೆಂತ್ಯ, ನೇರಳೆ ಮೂರೂ ಸಕ್ಕರೆ ಇಳಿಸುವಂಥವೇ, ಆಸ್ಪತ್ರೆಯ ಮಾತ್ರೆಯ ಜೊತೆಗೆ ಇವೂ ಸೇರಿ ಸಕ್ಕರೆ ತೀರಾ ಇಳಿದಿದೆ ಎಂದರು. ಪುಡಿಯ ಡಬ್ಬಿಯ ಮೇಲಂತೂ ಮಾಡಿದವರ ಹೆಸರಿಲ್ಲ, ತಾರೀಖಿಲ್ಲ. ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು. ಇದರಲ್ಲಿ ಯಾವುದು ಹೀಗೆ ಮಾಡಿದ್ದು ಎಂದು ಪುಟ್ಟತಾಯಿ ಕೇಳಿದಳು.

“ಮೂರೂ ಒಟ್ಟಿಗೆ ಶುರು ಮಾಡಿದ್ರೆ ನಾನು ಹೇಗಮ್ಮ ಹೇಳ್ಲಿ?” ಎಂದರು ಡಾಕ್ಟರಮ್ಮ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ಹುಳುಕ್ಕೆ ತೋರ್ಸೋ ಮರ್ವಾದೆನಾ ನಿನ್ ಹೊಟ್ಟೆಗೆ ತೋರ್ಸ್ನಿಲ್ವಲ್ಲ ಪುಟ್ಟತಾಯಿ” ಎಂದೆ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ತಟ್ಟೆಯ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಇದನ್ನೇ ನಾವು ದಿನವೂ ಹೇಳುತ್ತೇವೆ, ಯಾರೂ ಕೇಳುವುದಿಲ್ಲ ಎಂದರು. ಆ ಮಾತನ್ನು ಊರಿಗೆ ಬಂದು ಎಷ್ಟು ಮನೆಯಲ್ಲಿ ಹೇಳಿದೆ ಎಂದು ಕೇಳಬೇಡಿ. ಹೇಳದ ಮನೆಗಳನ್ನು ಕೇಳಿದರೆ ಬೇಗ ಮುಗಿಯುತ್ತದೆ.

ನನ್ನ ಡಬ್ಬಿಗಳನ್ನೂ ನೋಡಿದರು. ಅರಿಶಿನದ ಮಾತ್ರೆ ಬೇಡ, ಸಾರಿನಲ್ಲಿ ತಿನ್ನುವುದು ಸಾಕು ಎಂದರು. ಮರದ ಅಂಟಿನದು ಬೇಕಿದ್ದರೆ ದಿನಕ್ಕೆ ಒಂದು, ಊಟವಾದ ಮೇಲೆ. ಬಿಪಿ ಮಾತ್ರೆ ನಿಲ್ಲಿಸಕೂಡದು, ಮೈ ಕಡಿದರೆ, ಹೊಟ್ಟೆ ಕೆಟ್ಟರೆ ಅಂಟಿನದನ್ನು ನಿಲ್ಲಿಸಿ ಬರಬೇಕು. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಅಂಟಿನ ಮಾತ್ರೆ ಶುರು ಮಾಡಿದ ದಿನದಿಂದ ದಿನಕ್ಕೊಂದು ಕುಂಕುಮದ ಬೊಟ್ಟಿಟ್ಟೆ. ಆ ದಿನಗಳಲ್ಲಿ ಹೊಸ ಎಣ್ಣೆಯನ್ನು ಕೂಡ ಮಂಡಿಗೆ ಹಚ್ಚಲಿಲ್ಲ. ಏಳನೆಯ ಬೊಟ್ಟಿಗೆ ಹೊಟ್ಟೆ ಕೆಟ್ಟಿತು. ನಿಲ್ಲಿಸಿದೆ. ಎರಡು ದಿನಕ್ಕೆ ಸರಿಹೋಯಿತು. ಹೋಗಿ ಹೇಳಿದರೆ, ಅದು ನಿಮಗೆ ಒಗ್ಗುವುದಿಲ್ಲ, ಬಿಡಿ ಎಂದರು. ಬಿಟ್ಟೆ.

ಪುಟ್ಟತಾಯಿ ಈಗ ಹಾಗಲಕಾಯಿಯನ್ನು ಪಲ್ಯ ಮಾಡಿ ತಿನ್ನುತ್ತಾಳೆ, ಮುಖ ಹಿಂಡಿಕೊಂಡು. ಯಾರಾದರೂ ಹೊಸ ಡಬ್ಬಿ ತಂದರೆ ಮುಚ್ಚಳ ತೆಗೆಯದೆ ನನ್ನ ಜಗುಲಿಗೆ ತಂದಿಡುತ್ತಾಳೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತೋರಿಸಲು. ಬಾಯಿ ಮಾತ್ರ ಇನ್ನೂ ಮೊದಲಿನಂತೆಯೇ ಇದೆ. ಮೊನ್ನೆ ನಾನು ಮಂಡಿ ಹಿಡಿದುಕೊಂಡು ಏಳುವುದನ್ನು ನೋಡಿ ಕೇಳಿದಳು, “ಅಷ್ಟೆಲ್ಲ ಬೊಟ್ಟಿಟ್ಟು ಏನ್ ಬಂತಕ್ಕಯ್ಯ? ಮಂಡಿ ನೋವು ಅಂಗೇ ಐತಲ್ಲ.”

ಇದೆ, ಇಲ್ಲ ಎನ್ನಲಾರೆ. ಆದರೆ ಯಾವುದರಿಂದ ಹೋಗಲಿಲ್ಲ ಎನ್ನುವುದು ನನಗೆ ಸರಿಯಾಗಿ ಗೊತ್ತಿದೆ, ತಾರೀಖಿನ ಸಮೇತ.