ಹಳದಿ ಲೈನಿನ ಕೊನೆಯ ಊರು

"ಒಬ್ಬಾಕೀನ ಹೋಗಬ್ಯಾಡವ್ವ, ದಾರಿ ತಪ್ತಿ" ಎನ್ನುವ ಮಗಳ ಕಣ್ಣು ತಪ್ಪಿಸಿ ದಿಲ್ಲಿಯ ಮೆಟ್ರೋ ಹತ್ತುವುದು ನನ್ನ ಚಟ. ಮೊನ್ನೆ ನೆಲದಡಿಯ ನಿಲ್ದಾಣದಲ್ಲಿ ಸಂಡೂರಿನ ಗಂಡ ಹೆಂಡತಿ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಊರಿನ ರೈಲಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತಂತೆ.

"ಹಳದಿ ಲೈನ್ ಅಂತ ಹತ್ತಿದ್ವಿ, ಉಲ್ಟಾ ಕಡೆ ಒಯ್ತುರೀ!" ಎಂದಳು ಆಕೆ, ನಾನು ಹತ್ತಿರ ಹೋಗಿ ಕೇಳಿದಾಗ.

"ಬಣ್ಣ ನೋಡಿದ್ರ ಸಾಲದು, ಕೊನೀ ಊರು ನೋಡ್ಬೇಕು. ನಮ್ಮ ಕಂಪ್ಲಿಯಾಗ ಕಾಲುವಿ ಗುಂಟ ಹೋಗೋರಿಗೆ ಅದು ಮುಗಿಯೋ ಊರಿನ ಹೆಸರ ಹೇಳ್ತೀವಲ್ಲ, ಹಂಗ. ಜಲ್ದಿ ಬರ್ರಿ!" ಎಂದೆ ನಾನು.

ಬೋರ್ಡಿನಲ್ಲಿ ಕೊನೆಯ ಊರಿನ ಹೆಸರು ತೋರಿಸಿ, ಇಬ್ಬರನ್ನೂ ಸರಿಯಾದ ಗಾಡಿಗೆ ಹತ್ತಿಸಿದೆ. ನಂಬರ್ ಇಸಕೊಂಡು ಹೋದರು.

ನಾನು ಮನೆ ಮುಟ್ಟುವಷ್ಟರಲ್ಲಿ ಫೋನ್ ಬಂತು. "ರೈಲು ಸಿಕ್ತ್ರಿ ಅಮ್ಮಾ! ನೀವಿರದಿದ್ರ ನಾವು ದಾರಿ ತಪ್ತಿದ್ವಿ!"

"ಇನ್ನೊಮ್ಮೆ ಹೇಳ್ರಿ" ಎಂದು ಫೋನನ್ನು ಮಗಳ ಕಿವಿಗೆ ಹಿಡಿದೆ.