ನಡುಮನೆಯ ಚಿಮಣಿ

ಕೆಲವು ವರ್ಷಗಳಿಂದ ನನಗೆ ಅನ್ನ ಹಾಕುತ್ತಿರುವವನು ಎಂದೋ ಸತ್ತುಹೋದ ಒಬ್ಬ ಮನುಷ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆನಡಾದಿಂದ ಹಡಗು ಹತ್ತಿ ಮೆಲ್ಬರ್ನಿಗೆ ಬಂದ ಆರ್ಕಿಟೆಕ್ಟ್. ನನ್ನ ಆಫೀಸು ಇರುವುದು ಇದೇ ಊರಿನ ಡಾಕ್‌ಲ್ಯಾಂಡ್ಸ್‌ನಲ್ಲಿ. ಹಳೆಯ ಕಟ್ಟಡಗಳನ್ನು ಅಳೆದು, ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಎಂದು ಮಾಲೀಕರಿಗೆ ಹೇಳುವುದು ನಮ್ಮ ಕೆಲಸ. ನನ್ನ ಪಾಲಿಗೆ ಬರುವವು ಹೆಚ್ಚಾಗಿ ಅವನು ಕಟ್ಟಿದ ಮನೆಗಳು. ಸಂಜೆ ಟ್ರಾಮಿನಲ್ಲಿ ಬ್ಯಾಂಕು, ಐಟಿ ಕಂಪನಿಗಳಿಂದ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುವ ನಮ್ಮ ಕನ್ನಡದವರ ಪಕ್ಕ ನಾನು ಮೊಣಕಾಲಿಗೆಲ್ಲ ಗಾರೆಯ ಪುಡಿ ಮೆತ್ತಿಕೊಂಡು ನಿಂತಿರುತ್ತೇನೆ. ಅವರಿಗೆ ನನ್ನನ್ನು ಕಂಡರೆ ಸ್ವಲ್ಪ ಕನಿಕರ. ಇರಲಿ, ನನಗೂ ಅವರನ್ನು ಕಂಡರೆ ಅಷ್ಟೇ.

ಆ ಕೆನಡಾದವನ ಬದುಕಿನ ಬಗ್ಗೆ ಉಳಿದಿರುವ ಮಾಹಿತಿ ಕಡಿಮೆ. ಚಿನ್ನ ಅಗೆಯಲು ಬಂದ, ಚಿನ್ನ ಸಿಗಲಿಲ್ಲ, ಹೊಟ್ಟೆಪಾಡಿಗೆ ಮನೆ ಕಟ್ಟತೊಡಗಿದ. ಮೊದಲು ಮೆಲ್ಬರ್ನಿನಲ್ಲಿ, ವಯಸ್ಸಾದ ಮೇಲೆ ಸಿಡ್ನಿಯಲ್ಲಿ. ಉಳಿದದ್ದನ್ನೆಲ್ಲ ನಾನು ತಿಳಿದುಕೊಂಡದ್ದು ಅವನು ಕಟ್ಟಿದ ಮನೆಗಳ ಅಟ್ಟಗಳಲ್ಲಿ ತೆವಳಿ. ಅವನು ಬಹಳ ಹೆದರುತ್ತಿದ್ದ ಮನುಷ್ಯ ಎಂದು ನನಗೆ ಅನ್ನಿಸುತ್ತದೆ. ಹುಟ್ಟಿದ ಊರಿನಲ್ಲಿ ಚಾವಣಿಯ ಮೇಲೆ ಹಿಮ ಕೂತು ಮನೆಗಳು ಕುಸಿದದ್ದನ್ನು ಕಂಡಿದ್ದನೋ ಏನೋ, ಹಿಮದ ಸುಳಿವೇ ಇಲ್ಲದ ಈ ಬಿಸಿಲಿನಲ್ಲೂ ಕಡಿದಾದ ಚಾವಣಿ ಹಾಕುತ್ತಿದ್ದ. ಹೊರಗೋಡೆಗಳ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಮನೆಯ ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಹೊಗೆ ಹೋಗುವ ದಪ್ಪನೆಯ ಇಟ್ಟಿಗೆ ಚಿಮಣಿ ಎಬ್ಬಿಸಿ, ಮಹಡಿಯ ತೊಲೆಗಳನ್ನೂ ಚಾವಣಿಯ ದೊಡ್ಡ ಮರಗಳನ್ನೂ ಅದರೊಳಕ್ಕೇ ತೂರಿಸುತ್ತಿದ್ದ. ಮನೆ ಪೂರ್ತಿ ಅದರ ಕುತ್ತಿಗೆಗೆ ಜೋತುಬಿದ್ದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ.

ಮೆಲ್ಬರ್ನಿನಲ್ಲಿ ಅವನದೊಂದು ಮನೆಯನ್ನು ಕೊಂಡವರು ಜಾಗ ಸಾಲದೆಂದು ಚಿಮಣಿಯ ಬುಡದಲ್ಲಿದ್ದ, ಬೆಂಕಿ ಉರಿಸುವ ಫೈರ್‌ಪ್ಲೇಸನ್ನು ಮಾತ್ರ ಒಡೆಸಿದ್ದರು. ನಮ್ಮನ್ನು ಕರೆಸುವಷ್ಟರಲ್ಲಿ ಮಹಡಿ ನೆಲಕ್ಕೆ ಬಂದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಪುಣ್ಯ. ಪಕ್ಕದ ಮನೆಯ ಮುದುಕಿ ನನಗೆ ಹೇಳಿದ್ದು ಇಷ್ಟೇ: ವಾರಗಟ್ಟಲೆ ಮನೆ ಪಿಟ್ಟೆನ್ನಲಿಲ್ಲ, ಆಮೇಲೆ ಒಂದೇ ಸಲಕ್ಕೆ ಕೆಳಗೆ ಬಂತು.

ಹೀಗಿರುವಾಗ ಸಿಡ್ನಿಯಲ್ಲಿ ನನ್ನ ಅಕ್ಕ, ಭಾವ ಗಿರಾವೀನ್ ಹತ್ತಿರ ಒಂದು ಹಳೆಯ ಮಹಡಿ ಮನೆ ಕೊಂಡರು. ಒಂದು ಕಾಲಕ್ಕೆ ಯಾರೋ ಹಣ್ಣಿನ ತೋಟದವರದಂತೆ. ಗೃಹಪ್ರವೇಶಕ್ಕೆ ಹೋಗಿ ಕಾರಿನಿಂದ ಇಳಿದವಳೇ ಚಾವಣಿ ನೋಡಿ ಕೂಗಿಕೊಂಡೆ. ಇದು ನಮ್ಮ ಕೆನಡಾದವನ ಕೈ! ಅಂದು ನನಗಾದ ಸಂತೋಷ ಸ್ವಂತ ಮನೆ ಕೊಂಡಿದ್ದರೂ ಆಗುತ್ತಿರಲಿಲ್ಲ. ಚಿಮಣಿಗೆ ಮಾತ್ರ ಕೈ ಹಚ್ಚಬೇಡಿ ಎಂದು ಭಾವನಿಗೆ ಮೂರು ಮೂರು ಸಲ ಹೇಳಿ ಬಂದೆ. ಅವರು ನಕ್ಕರು. ಹಿತ್ತಲ ಗಿಡ ಮದ್ದಲ್ಲ.

ಆರು ತಿಂಗಳಲ್ಲಿ ಭಾವನ ಕೆಲಸದ ಕಾಂಟ್ರಾಕ್ಟ್ ಮುಗಿಯಿತು. ಹೊಸದು ಸಿಗಲಿಲ್ಲ. ಮಗಳಿಗೆ ಬಿಡದ ಕೆಮ್ಮು. ಭಾವ ಬೆಂಗಳೂರಿನ ಒಬ್ಬ ವಾಸ್ತು ಪಂಡಿತರಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಆರತಿಯ ಹಾಗೆ ಸುತ್ತ ತಿರುಗಿಸಿ ಮನೆಯೆಲ್ಲ ತೋರಿಸಿದರು. ಮನೆಯ ನಡುಮಧ್ಯ ಬ್ರಹ್ಮಸ್ಥಾನ. ಅಲ್ಲಿ ಭಾರ ಇರಕೂಡದು, ಬೆಂಕಿಯಂತೂ ಇರಲೇಕೂಡದು. ಇಲ್ಲಿ ನೋಡಿದರೆ ಎರಡೂ ಇದ್ದವು. ಪಂಡಿತರು ತಲೆಯ ಮೇಲೆ ಕೈ ಹೊತ್ತರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕೆಲಸ ಹೋದದ್ದಕ್ಕೆ ಇಟ್ಟಿಗೆಗೆ ಶಿಕ್ಷೆಯಾಯಿತು. ಇದೊಂದನ್ನೂ ನನಗೆ ತಿಳಿಸಲಿಲ್ಲ, ಬೈಯುತ್ತೇನೆಂದು. ವಾಸ್ತು ಹೋಮ ಇದೆ, ಬಾ ಎಂದಷ್ಟೇ ಅಕ್ಕ ಕರೆದಳು.

ಶನಿವಾರ ಬೆಳಗಿನ ವಿಮಾನದಲ್ಲಿ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಹೋಮದ ಹೊಗೆ, ಸೀರೆಗಳು, ಚಿತ್ರಾನ್ನದ ಒಗ್ಗರಣೆಯ ವಾಸನೆ. ನಡುಮನೆ ಮೊದಲಿಗಿಂತ ಅಗಲವಾಗಿ ಕಾಣುತ್ತಿತ್ತು. ಫೈರ್‌ಪ್ಲೇಸ್ ಇದ್ದ ಜಾಗದಲ್ಲಿ ರಂಗೋಲಿ, ಅದರ ಮೇಲೆ ಎರಡು ಬತ್ತಿಯ ದೀಪ. ತಲೆಯೆತ್ತಿದೆ. ಮೇಲೆ ಹೊಸ ಪ್ಲಾಸ್ಟರು, ಹೊಸ ಬಿಳಿ ಬಣ್ಣ.

"ಹೆಂಗಿದೆ? ಎಷ್ಟ್ ಸ್ಪೇಸ್ ಆಯ್ತು ನೋಡು!" ಎಂದರು ಭಾವ.

"ಮೇಲಿನ ಚಿಮಣಿ ಏನಾಯ್ತು ಭಾವ?"

"ಅದು ಹಂಗೇ ಇದೆ. ಪಂಡಿತ್ರು ಕೆಳಗಡೆ ಕ್ಲಿಯರ್ ಆದ್ರೆ ಸಾಕು ಅಂದ್ರು."

ನೇರ ಮಹಡಿ ಹತ್ತಿದೆ. ಅಕ್ಕನ ಮಗಳ ಕೋಣೆಯ ತುಂಬ ಬಂದವರ ಬ್ಯಾಗು, ಕೋಟು. ಗೋಡೆಯೊಳಗೆ ಚಿಮಣಿ ಇನ್ನೂ ಇತ್ತು. ಮಹಡಿಯ ಹಜಾರದ ಚಾವಣಿಯ ಕಿಂಡಿಗೆ ಏಣಿ ಹಾಕಿಕೊಂಡು ಅಟ್ಟಕ್ಕೆ ಹೋದೆ. ಫೋನಿನ ಬೆಳಕಿನಲ್ಲಿ ಚಿಮಣಿ ಸುಮ್ಮನೆ ನಿಂತಿತ್ತು, ಕಾಲಿಲ್ಲದ ಅಷ್ಟು ಇಟ್ಟಿಗೆ. ಅದರೊಳಗೆ ಕೂತಿರಬೇಕಾದ ದೊಡ್ಡ ತೊಲೆ ಹೆಬ್ಬೆರಳಿನಗಲ ಹೊರಗೆ ಸರಿದಿತ್ತು. ಹೊರಬಂದ ಆ ಭಾಗದ ಮರ ಮಾತ್ರ ಬೆಳ್ಳಗೆ, ಧೂಳು ಕಾಣದೆ, ಮೊನ್ನೆ ಕೊಯ್ದಷ್ಟು ಹೊಸದಾಗಿತ್ತು. ನಾನು ನೋಡುತ್ತಿದ್ದಂತೆಯೇ ಇಟ್ಟಿಗೆ ಸಂದಿನಿಂದ ಗಾರೆ ಪುಡಿ ಸಣ್ಣಗೆ ಉದುರಿತು. ಕೆಳಗೆ ಯಾರೋ ದೇವರನಾಮ ಶುರುಮಾಡಿದರು.

ಹೇಗೆ ಇಳಿದೆನೋ ಗೊತ್ತಿಲ್ಲ. ಎಲ್ಲರೂ ಈಗಲೇ ಹೊರಗೆ ಹೋಗಬೇಕು ಎಂದೆ. ಹಾಡು ನಿಂತಿತು.

ಭಾವನ ಮುಖ ಕೆಂಪಾಯಿತು. "ಬಿಲ್ಡರ್ ಎಲ್ಲಾ ಚೆಕ್ ಮಾಡಿದಾನಮ್ಮ. ಹೋಮ ಆದ್ಮೇಲೆ ನಾಳೆ ಬೆಳಗ್ಗೆವರ್ಗೂ ದೀಪ ಆರಬಾರ್ದು, ಮನೆ ಖಾಲಿ ಬಿಡಬಾರ್ದು. ನಿಂಗೂ ಗೊತ್ತಲ್ಲ."

"ಮನೇನೇ ಇರಲ್ಲ ಭಾವ! ಆ ಚಿಮಣಿ ನಿಂತಿರೋದು ನಿಮ್ ಮಗಳ ರೂಮಿನ ಹಲಗೆ ಮೇಲೆ!"

"ಒಳ್ಳೆ ದಿನ ಇಂಥ ಮಾತು ಆಡ್ಬೇಡಮ್ಮ," ಎಂದರು ಸೋಫಾದಲ್ಲಿದ್ದ ಒಬ್ಬ ಆಂಟಿ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಈ ಜನರ ಮುಂದೆ ಯಾವ ಭಾಷೆಯಲ್ಲಿ ಅರಚಬೇಕೆಂದು ತಿಳಿಯದೆ ಅಕ್ಕನ ಕಡೆ ನೋಡಿದೆ. ಅವಳು ಸಾರಿನ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಗ್ಯಾಸ್ ಆರಿಸಿದಳು, ಮಗಳ ಕೈ ಹಿಡಿದಳು, ಹೊರಗೆ ನಡೆದಳು. ಮನೆಯೊಡತಿಯೇ ಎದ್ದ ಮೇಲೆ ಬಂದವರು ಕೂರುವುದು ಹೇಗೆ? ತಟ್ಟೆಗಳನ್ನು ಕೈಯಲ್ಲೇ ಹಿಡಿದುಕೊಂಡು ಒಬ್ಬೊಬ್ಬರಾಗಿ ಬೀದಿಗೆ ಬಂದರು.

ಭಾವ ಮಾತ್ರ ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ತೆರೆದ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು, ಅದರ ಮೇಲೆ ಆ ಹೊಸ ಬಿಳಿ ಚಾವಣಿ. ನನಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಗೇಟಿನಿಂದ ಅಕ್ಕ ಕೂಗಿದಳು: "ದೀಪ ಎತ್ಕೊಂಡ್ ಬನ್ನಿ ಈಚೆಗೆ. ನಾವೇ ಇಲ್ಲಿದೀವಿ, ಯಾರಿಗ್ರೀ ಅಲ್ಲಿ ದೀಪ?"

ತುಂಬ ಹೊತ್ತು ಅವರು ಅಲ್ಲಾಡಲಿಲ್ಲ. ಆಮೇಲೆ ಎದ್ದು, ದೀಪಕ್ಕೆ ಅಂಗೈ ಮರೆಮಾಡಿಕೊಂಡು ಮೆಲ್ಲಗೆ ಬಂದರು. ಹೊಸ್ತಿಲು ದಾಟಿದೊಡನೆ ಗಾಳಿಗೆ ಅದು ಆರಿತು. ಆರಿದ ದೀಪವನ್ನೇ ಹಿಡಿದುಕೊಂಡು ಅವರು ಕಾರಿನ ಪಕ್ಕ ನಿಂತರು. ನನ್ನ ಮುಖ ನೋಡಲಿಲ್ಲ.

ನಮ್ಮ ಆಫೀಸಿನ ಪರಿಚಯದ ಎಂಜಿನಿಯರ್ ಒಬ್ಬರು ಸಿಡ್ನಿಯಲ್ಲಿದ್ದರು. ಹೊತ್ತು ಮುಳುಗುವ ಮುಂಚೆ ಬಂದು, ಮಹಡಿಗೆ ಕೆಳಗಿನಿಂದ ಕಬ್ಬಿಣದ ಆನಿಕೆಗಳನ್ನು ಕೊಡಿಸಿದರು. ಒಳಗಿದ್ದಷ್ಟು ಹೊತ್ತೂ ಪಿಸುಮಾತಿನಲ್ಲೇ ಮಾತಾಡಿದರು. ಹೊರಗೆ ಬಂದು ಹೆಲ್ಮೆಟ್ ತೆಗೆದು, ಮೇಲಿನ ಆ ಕೋಣೆಯಲ್ಲಿ ಮಲಗುವವರು ಯಾರು ಎಂದು ಕೇಳಿದರು. ನೆಲ ಚಿಮಣಿಯ ಕಡೆಗೆ ಇಳಿದಿದೆ, ಇವತ್ತಿನದಲ್ಲ, ಯಾರಿಗೂ ಗೊತ್ತಾಗಲಿಲ್ಲವೇ?

ಅಕ್ಕನ ಮಗಳು ಶಾಲೆಯಲ್ಲಿ ಮಾಡುವಂತೆ ಕೈ ಎತ್ತಿದಳು. "ಐ ಟೋಲ್ಡ್ ಅಮ್ಮ," ಎಂದಳು. ಆಮೇಲೆ ಇಂಗ್ಲಿಷಿನಲ್ಲೇ ಅವರಿಗೆ ಎಲ್ಲ ವಿವರಿಸಿದಳು. ಗಾಲಿಯ ಮಂಚ ದಿನಾ ತಾನೇ ತಾನಾಗಿ ಚಿಮಣಿ ಇರುವ ಗೋಡೆಯ ಕಡೆ ಹೋಗುತ್ತದೆ. ಅಮ್ಮ ಗಾಲಿಗೆ ಲಾಕ್ ಹಾಕಿಕೋ ಎಂದಳು, ಹಾಕಿದರೂ ಹೋಗುತ್ತದೆ. ಅಪ್ಪನಿಗೆ ಹೇಳಹೋದರೆ ಅವರು ಫೋನಿನಲ್ಲಿದ್ದರು. ಅದಕ್ಕೇ ತಾನು ಎರಡೂ ಕಾಲನ್ನು ಗೋಡೆಗೆ ಒತ್ತಿ, ಮಂಚವನ್ನು ತಡೆದುಕೊಂಡು ಮಲಗುತ್ತೇನೆ ಎಂದಳು.

ಅಕ್ಕ ಫುಟ್‌ಪಾತಿನ ಮೇಲೆ ಕುಸಿದು ಕೂತು, ಮಗಳ ಎರಡೂ ಪಾದಗಳನ್ನು ಮಡಿಲಿಗೆಳೆದು ಹಿಡಿದುಕೊಂಡಳು. ಕತ್ತಲಾಗಿ ಬಂದವರೆಲ್ಲ ಹೊರಟುಹೋದ ಮೇಲೂ ಅವನ್ನು ಬಿಡಲಿಲ್ಲ.