ಓವನ್ನಿಗೆ ಕೈ ಮುಗಿದವರು

ತಮಿಳು ಸೀಮೆಯ ಪೆರುಂಗುಡಿಯ ನಮ್ಮ ಬೇಕರಿಯ ಮುಂದೆ ಬೆಳಗಿನ ಹೊತ್ತು ನಡೆದುಹೋಗುವ ಜನಕ್ಕೆ ಲೆಕ್ಕವಿಲ್ಲ. ಬಸ್ಸಿಳಿದು ಕಂಪ್ಯೂಟರ್ ಆಫೀಸುಗಳಿಗೆ ಓಡುವವರು. ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿರುತ್ತಾರೆ, ಕಣ್ಣು ಮೊಬೈಲಿನಲ್ಲಿ. ಬಾಗಿಲಲ್ಲಿ ಆನೆ ಕಟ್ಟಿದರೂ ಅದರ ಹೊಟ್ಟೆಯಡಿ ನುಸುಳಿ ಹೋಗುವ ಪೈಕಿ. ಅಂಗಡಿ ತೆರೆದ ಹೊಸದರಲ್ಲಿ ಅವರನ್ನು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜಾಗ ಭಾವನದು. ಭಾವ ಎಂದರೆ ನನ್ನ ಗಂಡನ ಅಣ್ಣ. ಪಕ್ಕದ ರಸ್ತೆಯಲ್ಲಿ ಅವರ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯ ನಮ್ಮವರಿಗೆ ಇಡ್ಲಿ ಬೇಯದ ಜಾಗ ಜಾಗವೇ ಅಲ್ಲ. ಮೊಟ್ಟೆ ಹಾಕದ ಕೇಕು, ಖಾರದ ಬನ್ನು ಮಾಡುತ್ತೇನೆಂದು ನಾನು ಹಟ ಹಿಡಿದಾಗ ಅವರು ಹೂಂ ಅಂದದ್ದೇ ದೊಡ್ಡದು. "ನವರಾತ್ರಿವರೆಗೆ ನೋಡುವ. ಜನ ಬಾರದಿದ್ರೆ ಓವನ್ ತೆಗೆಸಿ ಇಡ್ಲಿ ಸ್ಟೀಮರ್ ಇಡುದು. ಮತ್ತೆ ಬೇಜಾರು ಮಾಡ್ಲಿಕ್ಕಿಲ್ಲ, ಆಯ್ತಾ?" ಎಂದಿದ್ದರು. ಬೇಜಾರು ಮಾಡಲಿಕ್ಕಿಲ್ಲವಂತೆ! ಮದುವೆಯಾಗಿ ಬಂದಾಗಿನಿಂದ ಅವರ ಹೋಟೆಲಿನ ಟೋಕನ್ ಮೇಜಿನಲ್ಲಿ ಕೂತು "ಎರಡು ಕಾಫಿ, ಒಂದು ಪೊಂಗಲ್" ಎಂದು ಅರಚಿದವಳು ನಾನು. ನನಗೇ ಬೇಕೆಂದು ಬಾಯಿಬಿಟ್ಟು ಕೇಳಿ ತರಿಸಿದ ವಸ್ತುವೆಂದರೆ ಆ ಓವನ್ ಒಂದೇ. ಅದು ಹೋದರೆ ನಾನು ಮತ್ತೆ ಟೋಕನ್ ಮೇಜಿಗೆ.

ಮಾಡದ ಉಪಾಯವಿಲ್ಲ. ಬಣ್ಣಬಣ್ಣದ ಬೋರ್ಡು ಬರೆಸಿದೆ. ಯಾರೋ ಅದಕ್ಕೆ ಸೈಕಲ್ ಒರಗಿಸಿ ಹೋದರು. ಟೇಬಲ್ ಫ್ಯಾನನ್ನು ಓವನ್ ಪಕ್ಕ ಇಟ್ಟು, ಬೇಯುವ ಬನ್ನಿನ ಪರಿಮಳವನ್ನು ರಸ್ತೆಗೆ ತಳ್ಳಿದೆ. ಪರಿಮಳಕ್ಕೆ ಬಂದದ್ದು ಒಂದು ಬೀದಿನಾಯಿ. ಬಲು ನಿಷ್ಠೆಯ ಗಿರಾಕಿ ಅದು. ದಿನಾ ಬಂದು, ಏನೂ ಕೊಳ್ಳದೆ, ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಒಳಗೆ ಬರಲು ಮನಸ್ಸು ಮಾಡಿದ್ದ ಒಬ್ಬಿಬ್ಬರೂ ಅದನ್ನು ನೋಡಿ ಎದುರು ಬದಿಗೆ ದಾಟಿದರು.

ನವರಾತ್ರಿ ಹತ್ತಿರ ಬಂತು. ಶುಕ್ರವಾರ ಸ್ಟೀಮರಿನವನನ್ನು ಕರೆತಂದು ಜಾಗ ಅಳೆಸುತ್ತೇನೆಂದು ಭಾವ ಹೇಳಿ ಕಳಿಸಿದರು. ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಆ ಶುಕ್ರವಾರ ಬೆಳಗ್ಗೆ ಸೆರಗು ಸಿಕ್ಕಿಸಿ ನನ್ನೊಡನೆ ಹೊರಟರು. "ಬೋರ್ಡು ನೋಡಿ ಯಾರಿಗೆ ಹಸಿವಾಗ್ತದೆ ಮಾರಾಯ್ತಿ? ಕೈಗೆ ಕೊಡ್ಬೇಕು. ನಾಲಗೆಗೆ ರುಚಿ ಹತ್ತಿದ್ರೆ ಕಾಲು ತಾನಾಗಿ ಒಳಗೆ ಬರ್ತದೆ."

ಮಾತು ಸರಿಯೇ. ಆದರೆ ಹೋಟೆಲಿನ ಮನೆಯವರು ಒಲೆಗೆ ಪೂಜೆ ಮಾಡದೆ ಕೆಲಸ ಶುರು ಮಾಡುವುದಿಲ್ಲ. ಓವನ್ನೂ ಒಲೆಯೇ ತಾನೇ? ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಲ್ಲಿಗೆ ಮಾಲೆ ಹಾಕಿ, ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ, ಗಂಟೆ ಬಾರಿಸಿದರು. ಪೂಜೆಗೆಂದು ಉಟ್ಟ ರೇಷ್ಮೆ ಸೀರೆಯಲ್ಲೇ, ಹಿತ್ತಾಳೆ ಹರಿವಾಣಕ್ಕೆ ಬಾಳೆಲೆ ಹಾಸಿ, ಕೇಕಿನ ತುಂಡು ಜೋಡಿಸಿಕೊಂಡು ಮೆಟ್ಟಿಲ ಮೇಲೆ ನಿಂತರು. ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮಲ್ಲಿ ಯಾರಿಗೆ ಏನು ಕೊಡುವುದಿದ್ದರೂ ಹೀಗೆಯೇ.

ಲ್ಯಾಪ್‌ಟಾಪ್ ಚೀಲ ಹೊತ್ತ ಒಬ್ಬ ಬಂದ. ಅತ್ತೆಯನ್ನು ನೋಡಿದ, ಒಳಗಿನ ಊದುಬತ್ತಿ ಹೊಗೆ ನೋಡಿದ. ಕಿವಿಯಲ್ಲಿದ್ದುದನ್ನು ಕಿತ್ತ, ಚಪ್ಪಲಿ ಕಳಚಿದ. ಬಲಗೈಯಡಿ ಎಡಗೈ ಹಿಡಿದು ಕೇಕು ತೆಗೆದುಕೊಂಡು, ಕಣ್ಣಿಗೊತ್ತಿ ಬಾಯಿಗೆ ಹಾಕಿ, ಕೈಯನ್ನು ತಲೆಗೆ ಒರೆಸಿಕೊಂಡು ಹೊರಟೇ ಹೋದ!

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ನಾಲ್ವರು. "ಉಳ್ಳ ಎನ್ನ ವಿಶೇಷಂ, ಮಾಮಿ?" ಒಳಗೆ ಏನು ವಿಶೇಷವೆಂದು ಒಬ್ಬಳು ಇಣುಕಿ ಕೇಳಿದಳು. ಶುಕ್ರವಾರವಲ್ಲವೇ ಎಂದು ಅತ್ತೆ ಅವಳಿಗೆ ತಮಿಳಿನಲ್ಲೇ ಸಮಾಧಾನ ಹೇಳಿದರು. ನಾನು ಕೌಂಟರಿನಿಂದ ಧಾವಿಸಿ ಬಂದು, ಇದು ಅಂಗಡಿ, ಇದು ಮಾರುವ ಕೇಕು ಎಂದು ಗಂಟಲು ಹರಿಯುವಂತೆ ಕೂಗಿದೆ. "ಕೇಕ್ ಪ್ರಸಾದಂ ಸೂಪರ್ ಮಾ" ಎಂದು ಮೆಚ್ಚಿಕೊಂಡು ನಡೆದರು. ಒಬ್ಬ ಅಜ್ಜ ಪ್ರದಕ್ಷಿಣೆ ಯಾವ ಕಡೆಯಿಂದ ಎಂದು ಕೇಳಿದ. ಕರ್ಮ, ಕರ್ಮ!

"ಅತ್ತೆ, ಇಡೀ ಕೇಕು ಮುಗೀತಾ ಬಂತು, ಒಬ್ಬ ಒಳಗೆ ಕಾಲಿಡ್ಲಿಲ್ಲ! ನಮಗೆ ಎಂತ ಸಿಕ್ಕಿತು, ಪುಣ್ಯವಾ?" ಎಂದು ರೇಗಿದೆ.

ಅತ್ತೆಗೂ ಸಿಟ್ಟು ಬಂದಿತ್ತು, ಆದರೆ ಬೇರೆ ಕಾರಣಕ್ಕೆ. "ಹೌದು, ದೇವರನ್ನು ನೋಡದೆ ಪ್ರಸಾದ ತಿಂದು ಹೋಗುದು ಎಲ್ಲಿಯ ಕ್ರಮ?" ಎಂದು ಹರಿವಾಣ ಎತ್ತಿಕೊಂಡು ಸೀದಾ ಒಳಗೆ ಹೋಗಿ ಓವನ್ ಪಕ್ಕ ಸ್ಟೂಲಿನ ಮೇಲೆ ಕೂತರು. "ಉಳ್ಳ ವಾಂಗೋ" ಎಂದು ಅಲ್ಲಿಂದಲೇ ಎಲ್ಲರನ್ನೂ ಒಳಗೆ ಕರೆದರು.

ಬಂದರು! ಬರಿಗಾಲಲ್ಲಿ, ಸಾಲಾಗಿ, ಗಾಜಿನ ಶೋಕೇಸನ್ನು ಹಾದು ಬಂದು ಓವನ್ನಿಗೆ ಕೈ ಮುಗಿದರು. ಸರಿಯಾಗಿ ಆ ಹೊತ್ತಿಗೆ ನಾನು ಅದರ ಬಾಗಿಲು ತೆರೆದು ಖಾರದ ಬನ್ನಿನ ಟ್ರೇ ಎಳೆದೆ. ಕರಿಬೇವು, ಹಸಿಮೆಣಸಿನ ಘಮಕ್ಕೆ ಭಕ್ತಿ ಅರ್ಧಕ್ಕೇ ನಿಂತಿತು. ನನಗೆರಡು, ನನಗೆ ಮೂರು ಎಂದು ದುಡ್ಡು ಹಿಡಿದ ಕೈಗಳು ಮುಂದೆ ಬಂದವು. ಹೊರಗೆ ಚಪ್ಪಲಿ ರಾಶಿ ಬೀಳತೊಡಗಿತು. ಚಪ್ಪಲಿ ರಾಶಿ ಕಂಡರೆ ಒಳಗೆ ಏನಿದೆ ಎಂದು ನೋಡದೆ ಈ ಊರಿನಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಇದು ಅಂಗಡಿ ಎಂದು ಕೂಗುವುದನ್ನು ನಾನೂ ನಿಲ್ಲಿಸಿದೆ.

ಆ ಗದ್ದಲಕ್ಕೆ ಭಾವ ಬಂದರು, ಹಿಂದೆ ಟೇಪು ಹಿಡಿದ ಸ್ಟೀಮರಿನವನು. ಚಪ್ಪಲಿಗಳನ್ನು ನೋಡಿ ಅವರೂ ಚಪ್ಪಲಿ ಬಿಟ್ಟರು. ಸಾಲಿನಲ್ಲಿ ನಿಂತು ನಿಧಾನಕ್ಕೆ ಮುಂದೆ ಬಂದು, ಕಣ್ಣು ಮುಚ್ಚಿ ಕೈ ಮುಗಿದರು. ಕಣ್ಣು ತೆರೆದಾಗ ಕಂಡದ್ದು ಮಾಲೆ ಹಾಕಿಕೊಂಡ ಓವನ್, ಟ್ರೇ ಹಿಡಿದ ನಾನು, ಮತ್ತು ಸ್ವಂತ ತಾಯಿ.

"ಇದೆಂತ ಅಮ್ಮ?"

"ಎಂತ ಅಂದ್ರೆ? ಒಲೆ. ಇಷ್ಟು ಜನ ಕೈ ಮುಗಿದಾಯ್ತು, ನೀನೂ ಮುಗಿದೆ. ಇನ್ನು ಇದನ್ನು ಯಾರ ಕೈಯಲ್ಲಿ ತೆಗೆಸ್ತಿ, ಹೇಳು."

ಭಾವ ಹಿಂದೆ ತಿರುಗಿ ನೋಡಿದರು. ಸ್ಟೀಮರಿನವನು ಟೇಪು ಜೇಬಿಗೆ ಹಾಕಿ ಎರಡನೆಯ ಬನ್ನು ತಿನ್ನುತ್ತಿದ್ದ. ಖಾಲಿಯಾಗುತ್ತಿದ್ದ ಶೋಕೇಸನ್ನು ನೋಡಿದರು, ಬಾಗಿಲಾಚೆಯ ಸಾಲನ್ನು ನೋಡಿದರು. ಏನಾದರೂ ಒಂದು ಹೇಳಿ ಮಾರಾಯ್ರೇ ಎಂದು ಮನಸ್ಸಿನಲ್ಲೇ ಕಿರುಚಿಕೊಂಡೆ.

ಭಾವ ಗಂಟಲು ಸರಿಮಾಡಿಕೊಂಡರು. "ಬಾಗಿಲಲ್ಲಿ ಜನ ಎಡವಿ ಬೀಳ್ತಾರೆ. ಚಪ್ಪಲಿ ಇಡ್ಲಿಕ್ಕೆ ಒಂದು ಸ್ಟ್ಯಾಂಡ್ ಮಾಡಿಸು. ಕಬ್ಬಿಣದ್ದೇ ಮಾಡಿಸು, ನಾಲ್ಕು ಕಾಲ ಬಾಳ್ಬೇಕು."

ಬೇಕರಿಗೆ ಯಾರಾದರೂ ಚಪ್ಪಲಿ ಸ್ಟ್ಯಾಂಡ್ ಮಾಡಿಸುತ್ತಾರಾ ಎಂದು ಕೇಳಲು ಬಾಯಿ ತೆರೆದವಳು, ಕಣ್ಣೊರೆಸಿಕೊಂಡು, "ಆಯ್ತು ಭಾವ" ಎಂದೆ.